ಭಾಗ್ಯಲಕ್ಷ್ಮಿಯ ಸೂಟ್‌ಕೇಸು, ಮುನಿರಾಜಪ್ಪನ ಎಣ್ಣೆ

ಹಲಸೂರಿನ ಬಜಾರ್ ರಸ್ತೆಯಿಂದ ಒಳಗೆ ತಿರುಗುವ ಒಂದು ಸಂದಿಯಲ್ಲಿ ಭಾಗ್ಯಲಕ್ಷ್ಮಿ ಬ್ಲೌಸ್ ಹೊಲಿಯುತ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಮಿಷನ್ನು, ಒಂದು ಓವರ್‌ಲಾಕು, ಮೊಳೆಗೆ ತೂಗುಬಿಟ್ಟ ಅಳತೆ ಟೇಪು. ಹೆಂಗಸರು ಒಳಗೆ ಬಂದು ನಿಂತರೆ ಸಾಕು, ಕಳೆದ ಸಲಕ್ಕಿಂತ ಎಷ್ಟು ದಪ್ಪಗಾಗಿದ್ದಾರೆ ಎಂದು ಟೇಪು ಮುಟ್ಟದೆ ಹೇಳುತ್ತಾಳೆ. ಬೇಕಾಗಿಲ್ಲದವರಿಗೂ ಹೇಳುತ್ತಾಳೆ.

ಸಂದಿಯಲ್ಲಿ ಅವಳು ಇನ್ನೊಂದು ಕೆಲಸಕ್ಕೂ ಹೆಸರುವಾಸಿ, ಬ್ಯಾಗು ಜೋಡಿಸುವುದಕ್ಕೆ. ತಿರುಪತಿಗೆ ಹೊರಡುವವರು, ಹೆರಿಗೆಗೆ ಆಸ್ಪತ್ರೆ ಸೇರುವವರು, ಮಗಳನ್ನು ಗಂಡನ ಮನೆಗೆ ಕಳಿಸುವವರು ಎಲ್ಲರೂ ಒಮ್ಮೆ ಅವಳನ್ನು ಕರೆದು, "ಭಾಗ್ಯಮ್ಮ, ಈ ಜಿಪ್ ಹಾಕೋಕಾಗ್ತಿಲ್ಲ, ಸ್ವಲ್ಪ ನೋಡಿ" ಎನ್ನುತ್ತಾರೆ. ಅವಳು ಎಲ್ಲವನ್ನೂ ಹೊರಗೆ ಸುರಿದು ಮತ್ತೆ ತುಂಬಿದರೆ ಜಿಪ್ಪು ಬೆಣ್ಣೆಯ ಹಾಗೆ ಸರಿಯುತ್ತದೆ, ಜೊತೆಗೆ ಒಂದು ಕೊಡೆಗೂ ಜಾಗ ಉಳಿದಿರುತ್ತದೆ.

ಸ್ವಂತ ಮನೆಯಲ್ಲಿ ಈ ಕೆಲಸಕ್ಕೆ ಮೂವತ್ತೊಂದು ವರ್ಷ ತುಂಬಿತ್ತು. ಗಂಡ ಮುನಿರಾಜಪ್ಪನ ಬ್ಯಾಗು, ಮಗ ದೀಪುವಿನ ಬ್ಯಾಗು, ಅತ್ತೆ ಇರುವವರೆಗೆ ಅವರ ಕೈಚೀಲ. ಗಂಡಸರ ಬ್ಯಾಗಿನಲ್ಲಿ ಇಸ್ತ್ರಿ ಹಾಕಿದ ಒಣ ಬಟ್ಟೆ ಮಾತ್ರ. ಕೊಬ್ಬರಿಎಣ್ಣೆ, ಶಾಂಪೂ, ಉಪ್ಪಿನಕಾಯಿ, ಸೋರುವಂಥದ್ದು, ಜಿಡ್ಡಾಗುವಂಥದ್ದು, ವಾಸನೆ ಬರುವಂಥದ್ದು ಎಲ್ಲವೂ ಭಾಗ್ಯಲಕ್ಷ್ಮಿಯ ಬ್ಯಾಗಿಗೆ. ಸೋರಿದರೆ ಅವಳ ಸೀರೆಗೆ ಸೋರಲಿ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮೊದಲ ಸಲ ಹಾಗಾಯಿತು, ಆಮೇಲೆ ಹಾಗೆಯೇ ಆಯಿತು.

ಮುನಿರಾಜಪ್ಪ ಎರಡು ವರ್ಷದ ಹಿಂದೆ ನಿವೃತ್ತನಾದ. ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದವನು. ಹದಿನಾಲ್ಕು ಸಾವಿರ ಬಿಡಿಭಾಗಗಳಲ್ಲಿ ಯಾವ ನಟ್ಟು ಯಾವ ರ‍್ಯಾಕಿನ ಎಷ್ಟನೇ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದನಂತೆ. ಬೀಳ್ಕೊಡುಗೆಯ ದಿನ ಮ್ಯಾನೇಜರು ಮೈಕಿನಲ್ಲಿ ಹಾಗೆಂದಾಗ ಭಾಗ್ಯಲಕ್ಷ್ಮಿ ನಿಜವಾಗಿ ಬೆರಗಾದಳು. ಅದೇ ಮನುಷ್ಯ ಮನೆಯಲ್ಲಿ ದಿನಾ ಬೆಳಿಗ್ಗೆ ಸೊಂಟಕ್ಕೆ ಟವೆಲು ಸುತ್ತಿಕೊಂಡು ನಿಂತು, "ಲೇ, ನನ್ನ ಬನಿಯನ್ ಎಲ್ಲೇ?" ಎಂದು ಕೂಗುತ್ತಿದ್ದ. ಬನಿಯನ್ನು ಮೂವತ್ತೊಂದು ವರ್ಷದಿಂದ ಒಂದೇ ಖಾನೆಯಲ್ಲಿತ್ತು.

ನಿವೃತ್ತಿಯ ಜೊತೆಗೆ ಮಂಡಿನೋವು ಬಂತು. ಕೆ.ಆರ್. ಪುರದ ಕಡೆಯ ಒಬ್ಬ ಆಯುರ್ವೇದ ಡಾಕ್ಟರು ಚೀಟಿ ಬರೆದು ಒಂದು ಹಸಿರು ಎಣ್ಣೆ ಕೊಟ್ಟರು. ದಿನಾ ಸಂಜೆ ಟಿ.ವಿ. ಮುಂದೆ ಮುನಿರಾಜಪ್ಪ ಕುರ್ಚಿಯಲ್ಲಿ ಕೂತು ಎರಡೂ ಕಾಲು ಚಾಚುತ್ತಿದ್ದ. ಭಾಗ್ಯಲಕ್ಷ್ಮಿ ಚಾಪೆಯ ಮೇಲೆ ಕೂತು ಒಂದೊಂದು ಮಂಡಿಗೆ ಕಾಲುಗಂಟೆ ಎಣ್ಣೆ ತಿಕ್ಕುತ್ತಿದ್ದಳು. ಧಾರಾವಾಹಿಯನ್ನು ಅವನು ನೋಡುತ್ತಿದ್ದ, ಇವಳು ಕೇಳುತ್ತಿದ್ದಳು. ಟಿ.ವಿ. ಇವಳ ಬೆನ್ನಿಗಿತ್ತು.

ಹೀಗಿರುವಾಗ ಸಿಂಗಪುರ ಬಂತು.

ಶಿವಾಜಿನಗರದಲ್ಲಿ ಲೇಸು, ಲೈನಿಂಗ್ ಬಟ್ಟೆ ಮಾರುವ ಫಹ್ಮಿದಾ ಅವಳ ಇಪ್ಪತ್ತು ವರ್ಷದ ಗೆಳತಿ. ಫಹ್ಮಿದಾಳ ಮಗಳು ಶಿರೀನ್ ಟೂರ್ಸ್ ಕಂಪನಿ ನಡೆಸುತ್ತಾಳೆ. "ಐದು ದಿನ ಸಿಂಗಪುರ, ನಾನೂ ಹೊರಟಿದ್ದೀನಿ, ಬಾರೇ ಭಾಗ್ಯಾ. ಮೂರು ಹೊತ್ತೂ ಊಟ ಅವರೇ ಕೊಡ್ತಾರೆ. ತಟ್ಟೆ ಕೂಡ ಅವರೇ ಎತ್ತುತಾರೆ" ಎಂದಳು ಫಹ್ಮಿದಾ.

ಫಹ್ಮಿದಾ ಬಣ್ಣಿಸಿದ ಎತ್ತರದ ಕಟ್ಟಡ, ನೀರು ಉಗುಳುವ ಸಿಂಹ ಯಾವುದೂ ಭಾಗ್ಯಲಕ್ಷ್ಮಿಯ ಕಿವಿಗೆ ಬೀಳಲಿಲ್ಲ. ಕೊನೆಯ ಮಾತು ಬಿತ್ತು. ಐದು ದಿನ. ಹದಿನೈದು ಊಟ. ಎಲ್ಲೋ ಕೂತಿದ್ದಾಗ ಯಾರೋ ಬಂದು ತನ್ನ ಮುಂದಿನ ತಟ್ಟೆ ಎತ್ತಿಕೊಂಡು ಹೋಗುವುದು. ಮದುವೆಮನೆಯಲ್ಲಿ ಬಾಳೆಲೆ ಎತ್ತುವುದನ್ನು ಬಿಟ್ಟರೆ ಅಂಥದ್ದು ಅವಳ ಬದುಕಿನಲ್ಲಿ ಆಗಿರಲಿಲ್ಲ, ಅಲ್ಲಿಯೂ ಎಷ್ಟೋ ಸಲ ಎಲೆ ಎತ್ತಿದವಳು ಅವಳೇ. ಒಂದು ಶಾಲೆಯ ಇಡೀ ವರ್ಷದ ಯೂನಿಫಾರ್ಮು ಹೊಲಿದ ದುಡ್ಡಿತ್ತು. ಇಬ್ಬರ ಹೆಸರನ್ನೂ ಬರೆಸಿಬಂದಳು.

"ಅಲ್ಲಿ ರಸಂ ಯಾರು ಮಾಡ್ತಾರೆ?" ಎಂದು ಕೇಳಿದ ಮುನಿರಾಜಪ್ಪ.

"ನಾನಲ್ಲ" ಎಂದಳು.

ಹೊರಡುವುದಕ್ಕೆ ಮೂರು ವಾರ ಮೊದಲು, ಬೆನ್ಸನ್ ಟೌನಿನ ಒಂದು ಸಣ್ಣ ಮೀಟಿಂಗ್ ಹಾಲಿನಲ್ಲಿ ಶಿರೀನ್ ಎಲ್ಲರನ್ನೂ ಸೇರಿಸಿದಳು. ಇಪ್ಪತ್ತೆರಡು ಜನ. ಪಾಸ್‌ಪೋರ್ಟು, ಫೋನಿನ ಸಿಮ್ಮು ಎಲ್ಲ ಹೇಳಿ ಮುಗಿಸಿ, ದನಿ ಬದಲಿಸಿದಳು.

"ಈಗ ಹೇಳೋದನ್ನ ದಯವಿಟ್ಟು ಸೀರಿಯಸ್ಸಾಗಿ ತಗೊಳ್ಳಿ. ಗಾಂಜಾ."

ಸೇರಿದ್ದವರೆಲ್ಲ ನಕ್ಕರು. ನರೇಶ್ ಎಂಬ ಇನ್ಶೂರೆನ್ಸ್ ಏಜೆಂಟು ಎದ್ದು ನಿಂತ. "ಮೇಡಂ, ನಮ್ಮನ್ನ ನೋಡಿದ್ರೆ ಗಾಂಜಾ ಹೊಡೆಯೋರ ತರ ಕಾಣ್ತೀವಾ? ಎಲ್ರಿಗೂ ಶುಗರ್ರು, ಬಿ.ಪಿ. ಇರೋದು ಅಷ್ಟೆ."

"ಅಲ್ಲಿನ ನಾಯಿ ಮುಖ ನೋಡಲ್ಲ ಸರ್, ಬ್ಯಾಗ್ ಮೂಸುತ್ತೆ" ಎಂದಳು ಶಿರೀನ್. "ಅಲ್ಲಿ ಒಂಚೂರು ಇದ್ರೂ ಜೈಲು. ಅರ್ಧ ಕಿಲೋ ದಾಟಿದ್ರೆ ನೇಣು. ಟೂರಿಸ್ಟು, ಗೊತ್ತಿರ್ಲಿಲ್ಲ, ವಯಸ್ಸಾಗಿದೆ, ಯಾವುದೂ ನಡೆಯಲ್ಲ. ಸೇದೋದು ಮಾತ್ರ ಅಲ್ಲ. ಅದು ಸೇರಿರೋ ಬಿಸ್ಕತ್ತು, ಚಾಕ್ಲೇಟು, ಕ್ರೀಮು, ಎಣ್ಣೆ, ಎಲ್ಲಾ ಅದೇ ಲೆಕ್ಕ. ಬೇರೆ ದೇಶದಲ್ಲಿ ಅಂಗಡೀಲಿ ಮಾರ್ತಾರೆ ಅಂತ ತಗೊಂಡ್ಬಂದ್ರೂ ಅಷ್ಟೆ. ನಮ್ಮ ಡಾಕ್ಟರ್ ಚೀಟಿ ಅಲ್ಲಿ ಬರೀ ಕಾಗದ."

ಮುಂದಿನ ಸಾಲಿನ ಕಲೀಮುಲ್ಲಾ ಸಾಹೇಬರು ಮೆಲ್ಲಗೆ ಕೈ ಎತ್ತಿದರು. "ಬೇಟಾ, ನನ್ನ ಜರ್ದಾ?"

"ನಕ್ಕೋ ಅಂಕಲ್, ಬೇಡ. ಅಗಿಯೋ ತಂಬಾಕೂ ಬಿಡಲ್ಲ. ಐದು ದಿನ ಲವಂಗ ಅಗೀರಿ."

ಸಾಹೇಬರ ಮುಖ ಸಣ್ಣದಾಯಿತು. ಆ ಹೊತ್ತಿಗೆ ಮುನಿರಾಜಪ್ಪ ಟೀ ಕುಡಿಯಲು ಹೊರಗೆ ಹೋಗಿದ್ದ.

"ಇನ್ನೊಂದು" ಎಂದಳು ಶಿರೀನ್. "ನಿಮ್ಮ ಬ್ಯಾಗಲ್ಲಿ ಸಿಕ್ಕಿದ್ದು ನಿಮ್ದು. ಯಾರೋ ಇಟ್ರು ಅಂದ್ರೆ, ಅದನ್ನ ಸಾಬೀತು ಮಾಡ್ಬೇಕಾದವರೂ ನೀವೇ. ಯಾರ ಪಾರ್ಸೆಲ್ಲೂ ತಗೋಬೇಡಿ. ನಿಮ್ಮ ಬ್ಯಾಗ್ ನೀವೇ ಪ್ಯಾಕ್ ಮಾಡಿ. ನರೇಶ್ ಸರ್, ಹೋದ ಸಲ ಊರಿಗೆ ಹೋದಾಗ ನಿಮ್ಮ ಬ್ಯಾಗ್ ಯಾರು ಪ್ಯಾಕ್ ಮಾಡಿದ್ದು?"

"ನಮ್ಮನೆಯವ್ರು" ಎಂದ ನರೇಶ್, ಹೆಮ್ಮೆಯಿಂದ.

ಕಲೀಮುಲ್ಲಾ ಸಾಹೇಬರು "ನಮ್ಮ ಬೇಗಮ್" ಎಂದರು. ಮೂರನೆಯವರದ್ದು ಹೆಂಡತಿ, ನಾಲ್ಕನೆಯವರದ್ದು ಮಗಳು. ಹಾಲಿನಲ್ಲಿದ್ದ ಒಬ್ಬನೇ ಒಬ್ಬ ಗಂಡಸಿಗೂ ತನ್ನ ಬ್ಯಾಗಿನೊಳಗೆ ಏನಿರುತ್ತದೆಂದು ಗೊತ್ತಿರಲಿಲ್ಲ.

"ಹಾಗಾದ್ರೆ ಜೈಲಿಗೂ ಅವರನ್ನೇ ಕಳಿಸ್ತೀರಾ?" ಎಂದಳು ಶಿರೀನ್.

ಹಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾಗ್ಯಲಕ್ಷ್ಮಿ ತನ್ನ ಅಳತೆ ಪುಸ್ತಕ ತೆಗೆದು, ಯಾರದೋ ತೋಳಿನಳತೆಯ ಪಕ್ಕದಲ್ಲಿ ಬರೆದುಕೊಂಡಳು: ಅವರವರ ಬ್ಯಾಗು ಅವರವರೇ.

ಆ ಮನೆಯಲ್ಲಿ ಲೇಬಲ್ಲು ಓದುವವಳು ಅವಳೊಬ್ಬಳೇ. ಹಾಲಿನ ಪ್ಯಾಕೆಟ್ಟಿನ ದಿನಾಂಕ, ಮಾತ್ರೆಯ ದಿನಾಂಕ, ಗ್ಯಾಸ್ ಸಿಲಿಂಡರಿನ ಅಂಕಿ. ಮನೆಗೆ ಬಂದವಳೇ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದತೊಡಗಿದಳು. ಹಲ್ಲುಪುಡಿ ಸರಿ. ಕೆಮ್ಮಿನ ಔಷಧಿ ಶಿರೀನಳನ್ನು ಕೇಳಬೇಕು. ಮಂಡಿಯ ಎಣ್ಣೆಯ ಸೀಸೆ ಹಿಡಿದು ಕಿಟಕಿಯ ಬೆಳಕಿಗೆ ಹೋದಳು. ಎಳ್ಳೆಣ್ಣೆ, ನಿರ್ಗುಂಡಿ, ಕರ್ಪೂರ. ಅದರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಭಂಗಿ ಎಲೆ.

ಶಿರೀನಳಿಗೆ ಫೋಟೋ ಕಳಿಸಿದಳು. ಎರಡೇ ನಿಮಿಷದಲ್ಲಿ ಫೋನ್ ಬಂತು. "ಆಂಟೀ! ಇದು ಗಾಂಜಾ ಗಿಡದ್ದೇ ಎಲೆ. ಇಲ್ಲಿ ಡಾಕ್ಟರ್ ಬರ್ಕೊಟ್ರೆ ಔಷಧಿ. ಅಲ್ಲಿ ಸಿಕ್ಕಿಬಿದ್ರೆ ಕೇಸು. ಬಾಟಲ್ ಬೇಡ್ವೇ ಬೇಡ. ಇವತ್ತಿಂದಾನೇ ಹಚ್ಚೋದೂ ನಿಲ್ಸಿಬಿಡಿ. ಮೈಗೆ, ಬಟ್ಟೆಗೆ, ಕೈಗೆ ಯಾಕೆ ಅಂಟಿಸ್ಕೋಬೇಕು?"

ಕೈಗೆ! ಭಾಗ್ಯಲಕ್ಷ್ಮಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಮಂಡಿ ಅವನದು, ನೋವು ಅವನದು, ಎಣ್ಣೆ ಅವನದು. ನಾಯಿ ಮೂಸಿದರೆ ಮಾತ್ರ ಕೈ ಇವಳದು.

ಮುನಿರಾಜಪ್ಪ ನಂಬಲೇ ಇಲ್ಲ. "ಗಾಂಜಾ ಅಂತೆ ಗಾಂಜಾ! ಆಯುರ್ವೇದ ಕಣೇ ಅದು. ನಾನೇನು ಕುಡೀತೀನಾ? ಹೊರಗಡೆ ಹಚ್ಚೋದು."

"ಹಚ್ಚೋದು ನೀವಲ್ಲ, ನಾನು."

"ನಿಂಗೆ ಹಚ್ಚೋಕೆ ಬೇಜಾರು. ಅದಕ್ಕೆ ಸಿಂಗಪುರದ ಸರ್ಕಾರದ ಮೇಲೆ ಹಾಕ್ತಿದ್ದೀಯ."

"ಬೇಜಾರು ನಿಜ" ಎಂದಳು ಭಾಗ್ಯಲಕ್ಷ್ಮಿ. "ಸರ್ಕಾರಾನೂ ನಿಜ. ಎಣ್ಣೆ ಬರಲ್ಲ. ಇನ್ನೊಂದು, ನಿಮ್ಮ ಸೂಟ್‌ಕೇಸು ನೀವೇ ಜೋಡಿಸ್ಕೊಳ್ಳಿ. ನಾನು ಮುಟ್ಟಲ್ಲ."

ಅವನು ನಕ್ಕ. ಮೂರು ವಾರ ನಗುತ್ತಲೇ ಇದ್ದ, ಏಕೆಂದರೆ ಕೊನೆಗೆ ಅವಳೇ ಜೋಡಿಸುತ್ತಾಳೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಹೊರಡುವ ಹಿಂದಿನ ದಿನ ಬೆಳಿಗ್ಗೆಯೂ ಸೂಟ್‌ಕೇಸು ಬಾಯಿ ತೆರೆದುಕೊಂಡು ಮಂಚದ ಮೇಲೆ ಖಾಲಿ ಬಿದ್ದಿತ್ತು. ಆಗ ನಗು ನಿಂತಿತು.

"ಲೇ, ಷರ್ಟು ಎಷ್ಟು ಇಡ್ಬೇಕು?"

"ಕಾನೂನು ಪ್ರಕಾರ ನಾನು ಹೇಳೋ ಹಂಗಿಲ್ಲ" ಎಂದು ಮಿಷನ್ನಿನಿಂದಲೇ ಕೂಗಿದಳು.

ದೀಪು ಸಿ.ವಿ. ರಾಮನ್ ನಗರದ ಜಿಮ್ಮಿನಲ್ಲಿ ತರಬೇತಿ ಕೊಡುವವನು. ಬಾಗಿಲಿಗೆ ಒರಗಿ ನೋಡುತ್ತ, "ಅಪ್ಪಾ, ಅದು ಬೆಡ್‌ಶೀಟು. ಹೋಟೆಲಲ್ಲಿ ಕೊಡ್ತಾರೆ" ಎಂದ.

"ನಿಂಗೇನೋ ಗೊತ್ತು? ಯಾವಾಗ್ಲಾದ್ರೂ ನಿನ್ನ ಬ್ಯಾಗ್ ನೀನು ಜೋಡ್ಸಿದ್ದೀಯಾ?"

ದೀಪು ಯೋಚಿಸಿ, ಅಲ್ಲಿಂದ ಹೊರಟುಹೋದ.

ಸಂಜೆ ಫಹ್ಮಿದಾ ಅಂಗಡಿಯಲ್ಲಿ ಲೇಸಿನ ಕಟ್ಟು ತೂಗುವ ಕೊಕ್ಕೆ ತಕ್ಕಡಿ ಹಿಡಿದು ಬಂದಳು. ಎರಡೂ ಸೂಟ್‌ಕೇಸು ತೂಗಿದರು. ಮುನಿರಾಜಪ್ಪನದು ಹದಿನೈದು ಕಿಲೋ ನಾನೂರು ಗ್ರಾಂ. ಭಾಗ್ಯಲಕ್ಷ್ಮಿಯದು ಹದಿನೆಂಟು ಕಿಲೋ ಇನ್ನೂರು. ಅವಳು ಎರಡನ್ನೂ ಅಳತೆ ಪುಸ್ತಕದಲ್ಲಿ ಬರೆದುಕೊಂಡು, ತನ್ನದಕ್ಕೆ ನಂಬರಿನ ಬೀಗ ಹಾಕಿದಳು. ನಂಬರು ಗಂಡನ ಹುಟ್ಟಿದ ವರ್ಷ. ಆ ಮನೆಯ ಎಲ್ಲ ಬೀಗಗಳಿಗೂ, ಫೋನಿಗೂ, ಬ್ಯಾಂಕಿನ ಕಾರ್ಡಿಗೂ ಅದೇ ನಂಬರು. ಬೇರೆ ನಂಬರು ಇಡಬಹುದೆಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ದೀಪು ಬಾಡಿಗೆ ಕಾರು ತಂದು ನಿಲ್ಲಿಸಿದಾಗ ಭಾಗ್ಯಲಕ್ಷ್ಮಿ ಒಲೆ ಒರೆಸುತ್ತಿದ್ದಳು. ಮಗನಿಗೆ ಐದು ದಿನಕ್ಕೆ ಹುಳಿ ಮಾಡಿ ಫ್ರಿಜ್ಜಿನಲ್ಲಿಡಬೇಕೆಂದು ಕೈ ತುರಿಸಿದ್ದನ್ನು ತಡೆದುಕೊಂಡು, ಒಂದೇ ದಿನಕ್ಕೆ ಮಾಡಿದ್ದಳು. ಅಷ್ಟರಮಟ್ಟಿಗೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಮುನಿರಾಜಪ್ಪನ ಸರದಿ ಮೊದಲು ಬಂತು. ಕೌಂಟರಿನ ಹುಡುಗಿ, "ಈ ಬ್ಯಾಗ್ ನೀವೇ ಪ್ಯಾಕ್ ಮಾಡಿದ್ರಾ ಸರ್?" ಎಂದು ಕೇಳಿದಳು.

"ನಾನೇ! ಪೂರ್ತಿ ನಾನೇ!" ಎಂದು ಮುನಿರಾಜಪ್ಪ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ. ಮುಂದಿನ ಕೌಂಟರಿನವರೂ ತಿರುಗಿ ನೋಡಿದರು. ತಕ್ಕಡಿಯಲ್ಲಿ ಹದಿನೈದು ಪಾಯಿಂಟ್ ನಾಲ್ಕು ಬಂತು. ಭಾಗ್ಯಲಕ್ಷ್ಮಿ ಪುಸ್ತಕ ತೆಗೆದು ನೋಡಿ ಟಿಕ್ ಹಾಕಿದಳು. ಫಹ್ಮಿದಾಳ ತಕ್ಕಡಿ ಒಂದು ಗ್ರಾಮೂ ಸುಳ್ಳು ಹೇಳಿರಲಿಲ್ಲ.

"ಮೇಡಂ, ಈ ಬ್ಯಾಗ್ ನೀವೇ ಪ್ಯಾಕ್ ಮಾಡಿದ್ರಾ? ಬೇರೆ ಯಾರಾದ್ರೂ ಏನಾದ್ರೂ ಇಟ್ಟಿದ್ದಾರಾ?"

ಈ ಪ್ರಶ್ನೆಗೆ ಅವಳು ಮೂರು ವಾರ ತಯಾರಿ ನಡೆಸಿದ್ದಳು. "ನಾನೇ ಪ್ಯಾಕ್ ಮಾಡಿದ್ದು. ಯಾರೂ ಏನೂ ಇಟ್ಟಿಲ್ಲ" ಎಂದು ಸ್ಪಷ್ಟವಾಗಿ ಹೇಳಿದಳು. ಸೂಟ್‌ಕೇಸು ತಕ್ಕಡಿ ಹತ್ತಿತು.

ಹದಿನೆಂಟು ಪಾಯಿಂಟ್ ಏಳು.

ಅರ್ಧ ಕಿಲೋ ಹೆಚ್ಚು.

ಶಿರೀನ್ ಆ ದಿನ ನೇಣಿನ ಜೊತೆ ಹೇಳಿದ ಅರ್ಧ ಕಿಲೋ ಭಾಗ್ಯಲಕ್ಷ್ಮಿಯ ತಲೆಯಲ್ಲಿ ಗಂಟೆಯ ಹಾಗೆ ಹೊಡೆಯಿತು.

"ಒಂದ್ನಿಮಿಷ ಅಮ್ಮಾ. ಅದನ್ನ ವಾಪಸ್ ಕೊಡಿ."

"ಲಿಮಿಟ್ ಒಳಗೇ ಇದೆ ಮೇಡಂ, ಏನೂ ತೊಂದ್ರೆ ಇಲ್ಲ."

"ಲಿಮಿಟ್ ಒಳಗಿದೆ. ನನ್ನ ಲೆಕ್ಕದ ಒಳಗಿಲ್ಲ."

ಮುನಿರಾಜಪ್ಪ ಅವಳ ತೋಳು ಹಿಡಿದ. "ಬಿಡೇ, ಅರ್ಧ ಕೇಜಿಗೆಲ್ಲ ಏನು. ತಕ್ಕಡಿ ಅಂದ್ಮೇಲೆ ಹೆಚ್ಚು ಕಮ್ಮಿ ಇರುತ್ತೆ."

ಹದಿನಾಲ್ಕು ಸಾವಿರ ಬಿಡಿಭಾಗಗಳ ಸ್ಟಾಕು ಒಂದು ವಾಷರಿನಷ್ಟೂ ತಪ್ಪದಂತೆ ನೋಡಿಕೊಂಡ ಮನುಷ್ಯ ಹೆಚ್ಚು ಕಮ್ಮಿ ಇರುತ್ತದೆ ಎನ್ನುತ್ತಿದ್ದಾನೆ! ಭಾಗ್ಯಲಕ್ಷ್ಮಿ ಅವನ ಮುಖವನ್ನೊಮ್ಮೆ ನೋಡಿದಳು. ಸೂಟ್‌ಕೇಸನ್ನು ಎಳೆದುಕೊಂಡು ಹೋಗಿ, ಸಾಲಿನ ಪಕ್ಕದಲ್ಲಿ, ಹೊಳೆಯುವ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬೀಗ ತೆಗೆದಳು.

ಇಪ್ಪತ್ತು ಜನ ಸುತ್ತ ನಿಂತರು. ಒಂದೊಂದೇ ಸೀರೆ ಎತ್ತಿ ಫಹ್ಮಿದಾಳ ಕೈಗೆ ಕೊಟ್ಟಳು. ಮೂರನೇ ಸೀರೆಯ ಕೆಳಗೆ, ಅವಳು ಇಡದೇ ಇದ್ದ ಅವಳದೇ ಸ್ಟೀಲ್ ಡಬ್ಬ. ಅದರೊಳಗೆ ಹಳೆಯ ಬನಿಯನ್ನು. ಬನಿಯನ್ನಿನೊಳಗೆ ಕೊಬ್ಬರಿಎಣ್ಣೆಯ ನೀಲಿ ಬಾಟಲು. ಮುಚ್ಚಳ ಸಡಿಲವಾಗಿ, ಬನಿಯನ್ನು ನೆನೆದು, ಡಬ್ಬದ ತಳದಲ್ಲಿ ಒಂದಿಷ್ಟು ಜಿಡ್ಡು ನಿಂತಿತ್ತು. ಕೊಬ್ಬರಿಎಣ್ಣೆ ಹಸಿರಾಗಿರುವುದಿಲ್ಲ. ಆ ವಾಸನೆ ಎರಡು ವರ್ಷ ಅವಳ ಕೈಯಲ್ಲಿದ್ದ ವಾಸನೆ.

ಕಲೀಮುಲ್ಲಾ ಸಾಹೇಬರು, "ತೋಬಾ, ನಾನು ಜರ್ದಾನೇ ಮನೇಲಿ ಬಿಟ್ಟು ಬಂದೆ" ಎಂದರು.

"ಯಾರು ಇಟ್ಟಿದ್ದು?" ಎಂದಳು ಭಾಗ್ಯಲಕ್ಷ್ಮಿ. ಗೊತ್ತಿದ್ದೂ ಕೇಳಿದಳು.

"ಬೆಳಿಗ್ಗೆ, ನೀನು ಒಲೆ ಒರೆಸ್ತಿದ್ದಾಗ" ಎಂದ ಮುನಿರಾಜಪ್ಪ. "ಒಂದೇ ಒಂದು ಸಣ್ಣ ಬಾಟ್ಲಿಗೆ ಬಗ್ಗಿಸ್ಕೊಂಡೆ. ಅಲ್ಲಿ ನಡೆದು ನಡೆದು ಮಂಡಿ ಹಿಡ್ಕೊಂಡ್ರೆ ಏನು ಮಾಡೋದು?"

"ಸರಿ. ನನ್ನ ಬ್ಯಾಗಲ್ಲಿ ಯಾಕೆ?"

ಆ ಪ್ರಶ್ನೆ ಅವನಿಗೆ ನಿಜವಾಗಿ ಅರ್ಥವಾಗಲಿಲ್ಲ. ಮುಖದಲ್ಲಿ ಕಳ್ಳತನವಿರಲಿಲ್ಲ, ಅಚ್ಚರಿಯಿತ್ತು. "ಎಣ್ಣೆ ಅಲ್ವೇನೇ? ಎಣ್ಣೆ ಯಾವಾಗ್ಲೂ ನಿನ್ನ ಬ್ಯಾಗಲ್ಲೇ ತಾನೆ ಇಡೋದು? ನನ್ನದ್ರಲ್ಲಿ ಸೋರಿದ್ರೆ ಷರ್ಟೆಲ್ಲಾ ಹಾಳಾಗಲ್ವಾ?"

ಫಹ್ಮಿದಾ ಕೈಯಲ್ಲಿದ್ದ ಸೀರೆಗಳನ್ನು ಎದೆಗೊತ್ತಿಕೊಂಡು, "ಯಾ ಅಲ್ಲಾ! ಷರ್ಟಿಗೆ ಕಲೆ ಆಗ್ಬಾರ್ದು ಅಂತ ಹೆಂಡ್ತೀನ ಜೈಲಿಗೆ ಹಾಕ್ತಾನೆ ನೋಡೇ!" ಎಂದಳು.

ಸಾಲಿನ ಹೆಂಗಸರೆಲ್ಲ ನಕ್ಕರು. ನಗುತ್ತ ನಗುತ್ತ ಇಬ್ಬರು ತಮ್ಮ ತಮ್ಮ ಸೂಟ್‌ಕೇಸಿನ ಬೀಗ ತೆಗೆದು ಒಳಗೆ ಕೈಹಾಕಿ ನೋಡಿಕೊಂಡರು. ನರೇಶನ ಹೆಂಡತಿಯ ಬ್ಯಾಗಿನಲ್ಲಿ ನರೇಶನ ಶೂ ಸಿಕ್ಕಿತು.

ಭಾಗ್ಯಲಕ್ಷ್ಮಿ ನಗಲಿಲ್ಲ. ಅವಳ ಕಣ್ಣೆದುರು ಹದಿನೈದು ಊಟದ ತಟ್ಟೆಗಳಿದ್ದವು. "ಆ ಹುಡುಗಿ ಮುಂದೆ ನಾನೇ ಪ್ಯಾಕ್ ಮಾಡಿದ್ದು, ಯಾರೂ ಏನೂ ಇಟ್ಟಿಲ್ಲ ಅಂತ ಬಾಯಿಬಿಟ್ಟು ಹೇಳ್ಬಿಟ್ಟೆ ಕಣ್ರೀ. ಐದು ದಿನ ಯಾರೋ ಮಾಡಿದ್ದು ತಿಂದು ಸುಮ್ನೆ ಕೂತ್ಕೊಳೋಣ ಅಂತ ಹೊರಟವಳು ನಾನು. ನೀವು ನಂಗೆ ಸಾಯೋವರೆಗೂ ಅವರ ಸರ್ಕಾರದ ಊಟ ಹಾಕ್ಸೋಕೆ ಹೊರಟಿದ್ರಿ."

ಮುನಿರಾಜಪ್ಪ ಕೌಂಟರಿನ ಕಡೆ ನೋಡಿದ. ಅಲ್ಲಿಂದ ಆ ಬಾಟಲು ಸಿಂಗಪುರ ತಲುಪಿ, ಅಲ್ಲಿ ಒಂದು ನಾಯಿ ಭಾಗ್ಯಲಕ್ಷ್ಮಿಯ ಸೂಟ್‌ಕೇಸಿನ ಮುಂದೆ ಕೂತುಬಿಡುವುದು ಅವನಿಗೆ ಆಗ ಮೊದಲ ಸಲ ಕಂಡಿರಬೇಕು. "ನಂಗೆ ಹಂಗೆ ಹೊಳೀಲೇ ಇಲ್ಲ ಕಣೇ" ಎಂದ, ಸಣ್ಣಗೆ.

ಶಿರೀನ್ ಓಡಿಬಂದಳು. ಸೀರೆಗಳನ್ನು ಒಂದೊಂದಾಗಿ ಬಿಡಿಸಿ, ಮೂಸಿ, ಯಾವುದಕ್ಕೂ ತಾಗಿಲ್ಲ ಎಂದು ಗಟ್ಟಿ ಮಾಡಿಕೊಂಡಳು. "ಆಂಟಿ, ಬಾಟಲ್, ಬನಿಯನ್, ಡಬ್ಬ ಮೂರೂ ಇಲ್ಲೇ ಉಳೀಬೇಕು. ಅಂಕಲ್, ಕಾಲಿಗೇನಾದ್ರೂ ಹಚ್ಕೊಂಡಿದ್ದೀರಾ?"

"ಯಾರು ಹಚ್ತಾರೆ?" ಎಂದ ಮುನಿರಾಜಪ್ಪ ದುಃಖದಿಂದ. "ಇವಳು ನಿಲ್ಸಿ ಮೂರು ವಾರ ಆಯ್ತು."

ಮೂರು ವಾರದಲ್ಲಿ ತನ್ನ ಕೈಯನ್ನು ತನ್ನ ಮಂಡಿಗೆ ತಾಗಿಸಬಹುದೆಂದು ಅವನಿಗೆ ತೋಚಿರಲಿಲ್ಲ. ಅದರಿಂದಾಗಿ ಕಾನೂನಿನ ಕಣ್ಣಿನಲ್ಲಿ ಆ ಕಾಲುಗಳು ಶುದ್ಧವಾಗಿ ಉಳಿದಿದ್ದವು.

ದೀಪು ಹೊರಗೆ ಕಾಫಿ ಕುಡಿಯುತ್ತ ಇನ್ನೂ ನಿಂತಿದ್ದ. ಬಾಗಿಲಿನ ಭದ್ರತೆಯವರಿಗೆ ಹೇಳಿ ಸಾಮಾನು ಅವನ ಕೈಗೆ ಕೊಡಬಹುದು ಎಂದಳು ಶಿರೀನ್. ಭಾಗ್ಯಲಕ್ಷ್ಮಿ ಡಬ್ಬವನ್ನು ಗಂಡನ ಕೈಗಿಟ್ಟಳು.

"ತೊಳ್ಕೊಂಡ್ ಬನ್ನಿ."

"ಎಲ್ಲಿ?"

"ಟಾಯ್ಲೆಟ್ಟಲ್ಲಿ ನೀರಿದೆ, ಸೋಪಿದೆ. ಆಮೇಲೆ ನಿಮ್ಮ ಕೈಯನ್ನೂ ಮೊಣಕೈವರೆಗೆ ತೊಳ್ಕೊಳ್ಳಿ."

ಮುಂದೆ ನಡೆದದ್ದನ್ನು ಕಲೀಮುಲ್ಲಾ ಸಾಹೇಬರು ಆಮೇಲೆ ವಿಮಾನದಲ್ಲಿ ಎಲ್ಲರಿಗೂ ವಿವರಿಸಿದರು. ಗಂಡಸರ ಟಾಯ್ಲೆಟ್ಟಿನ ಬೇಸಿನ್ ಮುಂದೆ ಮುನಿರಾಜಪ್ಪ ಡಬ್ಬದ ಹೊರಭಾಗವನ್ನು ಫಳಫಳ ಹೊಳೆಯುವ ಹಾಗೆ ತೊಳೆದನಂತೆ. ಒಳಗೆ ಜಿಡ್ಡು ಹಾಗೆಯೇ ಇತ್ತಂತೆ. ಕೋಟು ಹಾಕಿದ ಯಾರೋ ಒಬ್ಬರು, "ಬಿಸಿನೀರು ಬಿಡಿ ಸರ್" ಎಂದರಂತೆ. ಸಾಹೇಬರು, "ಕಂಠದ ಒಳಗೆ ಬೆರಳು ಹಾಕಿ ತಿಕ್ಕು ಭಾಯಿ" ಎಂದರಂತೆ. ಮೂರು ಜನ ಗಂಡಸರು ಸೇರಿ, ಅರ್ಧ ಬಾಟಲು ಸೋಪು ಸುರಿದು, ಹನ್ನೆರಡು ನಿಮಿಷದಲ್ಲಿ ಒಂದು ಡಬ್ಬ ತೊಳೆದರು. ಮೂವರ ಅಂಗಿಯ ಮುಂಭಾಗವೂ ಒದ್ದೆಯಾಗಿತ್ತು.

ಮುನಿರಾಜಪ್ಪ ಹೊಳೆಯುವ ಡಬ್ಬವನ್ನು ತಂದು ಅವಳ ಮುಂದೆ ಹಿಡಿದ. ಅವಳು ಒಳಗೆ ಮೂಸಿ ನೋಡಿ, ಬಾಟಲಿನ ಜೊತೆ ಅದನ್ನೂ ದೀಪುವಿಗೆ ಕೊಡಲು ಶಿರೀನಳ ಕೈಗಿತ್ತಳು. ಬನಿಯನ್ನು ಕಸದ ಡಬ್ಬಿಗೆ ಹೋಯಿತು.

"ಮನೆಗೇ ಕಳಿಸೋದಾದ್ರೆ ನನ್ನ ಕೈಲಿ ಯಾಕೇ ತೊಳೆಸ್ದೆ?"

"ಜಿಡ್ಡಾಗಿ ಹೋದ್ರೆ ಐದು ದಿನ ಸಿಂಕಲ್ಲಿ ಕೂತಿರುತ್ತೆ. ಬಂದ್ಮೇಲೆ ಯಾರು ತೊಳೀಬೇಕಿತ್ತು?"

ಸೀರೆಗಳನ್ನು ಮತ್ತೆ ಜೋಡಿಸಿ, ಬೀಗ ಹಾಕುವಾಗ ಅವಳ ಬೆರಳು ನಿಂತಿತು. ಬೀಗದ ಪಕ್ಕದ ಸಣ್ಣ ಗುಂಡಿಯನ್ನು ಪೆನ್ನಿನ ತುದಿಯಿಂದ ಒತ್ತಿ ಹಿಡಿದು, ಹೊಸ ನಂಬರು ತಿರುಗಿಸಿದಳು.

"ಏನಿಟ್ಟೆ?" ಎಂದ ಮುನಿರಾಜಪ್ಪ.

"ಹುಟ್ಟಿದ ವರ್ಷ. ನಂದು."

ಅದು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಆ ದಿನ ಆ ನಿಲ್ದಾಣದಲ್ಲಿ ಅದಕ್ಕಿಂತ ಭದ್ರವಾದ ಬೀಗ ಇನ್ನೊಂದಿರಲಿಲ್ಲ.

ತಕ್ಕಡಿ ಹದಿನೆಂಟು ಪಾಯಿಂಟ್ ಎರಡು ತೋರಿಸಿತು. ಕೌಂಟರಿನ ಹುಡುಗಿ ಮತ್ತೆ ಅದೇ ಪ್ರಶ್ನೆ ಕೇಳಿದಳು. ಭಾಗ್ಯಲಕ್ಷ್ಮಿ ಬೀಗವನ್ನೊಮ್ಮೆ ಎಳೆದು ನೋಡಿ ಉತ್ತರ ಕೊಟ್ಟಳು.

ಸಿಂಗಪುರದಲ್ಲಿ ಇಳಿದಾಗ ಒಬ್ಬ ಅಧಿಕಾರಿ ಮುನಿರಾಜಪ್ಪನನ್ನು ಪಕ್ಕಕ್ಕೆ ಕರೆದು ಸೂಟ್‌ಕೇಸು ತೆಗೆಸಿದ. ಹತ್ತು ಷರ್ಟು, ಎರಡು ಬೆಡ್‌ಶೀಟು, ಒಂದು ಮಂಕಿ ಕ್ಯಾಪು, ಸ್ವೆಟರು, ಟಾರ್ಚು, ಗೋಡೆ ಕ್ಯಾಲೆಂಡರು ಹೊರಗೆ ಬಂದವು. ಬೆವರು ಸುರಿಯುವ ಆ ಊರಿನಲ್ಲಿ ಮಂಕಿ ಕ್ಯಾಪನ್ನು ಅಧಿಕಾರಿ ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ನೀವೇ ಪ್ಯಾಕ್ ಮಾಡಿದ್ದಾ ಎಂದು ಕೇಳಿದ. ಮುನಿರಾಜಪ್ಪ ಈ ಸಲ ಮೆತ್ತಗೆ ತಲೆಯಾಡಿಸಿದ. ಭಾಗ್ಯಲಕ್ಷ್ಮಿ ಹತ್ತು ಅಡಿ ದೂರದಲ್ಲಿ, ತನಗೂ ಆ ಸಾಮಾನಿಗೂ ಸಂಬಂಧವಿಲ್ಲದವಳ ಹಾಗೆ ನಿಂತಿದ್ದಳು. ಸಂಬಂಧವಿರಲೂ ಇಲ್ಲ.

ಹೋಟೆಲಿನ ಕೋಣೆಯಲ್ಲಿ ಅವನು ಸ್ನಾನಕ್ಕೆ ಹೊರಟು ಸೂಟ್‌ಕೇಸು ಕೆದಕಿದ. "ಲೇ, ನನ್ನ ಬನಿಯನ್ ಎಲ್ಲೇ?"

"ನಿಮ್ಮ ಬ್ಯಾಗಲ್ಲಿ ಏನಿದೆ ಅಂತ ನಂಗೆ ಹೇಗ್ರೀ ಗೊತ್ತಾಗುತ್ತೆ?"

ಬನಿಯನ್ನು ಇರಲಿಲ್ಲ. ಹತ್ತು ಷರ್ಟಿಗೆ ಒಂದೇ ಒಂದು ಬನಿಯನ್ನು ತಂದಿದ್ದ, ಅದೂ ಬೆಂಗಳೂರಿನ ವಿಮಾನ ನಿಲ್ದಾಣದ ಕಸದಲ್ಲಿತ್ತು. ಐದು ದಿನವೂ ಬನಿಯನ್ನಿಲ್ಲದೆ ತಿರುಗಾಡಿದ. ಭಾಗ್ಯಲಕ್ಷ್ಮಿ ಹದಿನೈದೂ ಊಟ ಕೂತು ಉಂಡಳು. ಮೊದಲನೆಯ ದಿನ ಒಬ್ಬ ಹುಡುಗಿ ಬಂದು ತಟ್ಟೆಗೆ ಕೈ ಹಾಕಿದಾಗ ಇವಳೂ ಎದ್ದು ಆ ತಟ್ಟೆ ಹಿಡಿದುಕೊಂಡುಬಿಟ್ಟಳು. ಇಬ್ಬರೂ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಎಳೆದಾಡಿದರು. ಫಹ್ಮಿದಾ, "ಬಿಡೇ ಭಾಗ್ಯಾ, ಬಿಡು" ಎಂದು ಕೈ ಬಿಡಿಸಿದಳು. ಎರಡನೇ ದಿನದಿಂದ ಅಭ್ಯಾಸವಾಯಿತು. ಅಂಥ ಅಭ್ಯಾಸಕ್ಕೆ ಒಂದು ದಿನ ಸಾಕು.

ಹಲಸೂರಿಗೆ ವಾಪಸು ಬಂದ ಸಂಜೆ ಮುನಿರಾಜಪ್ಪ ಟಿ.ವಿ. ಹಾಕಿ, ಕುರ್ಚಿಯಲ್ಲಿ ಕೂತು, ಎರಡೂ ಕಾಲು ಚಾಚಿದ. ದೀಪು ತಂದಿಟ್ಟಿದ್ದ ನೀಲಿ ಬಾಟಲು ಟೀಪಾಯಿಯ ಮೇಲಿತ್ತು.

"ಇಲ್ಲಿ ಏನೂ ಕೇಸಿಲ್ವಲ್ಲ" ಎಂದ, ಸ್ವಲ್ಪ ಹುಷಾರಾಗಿ.

"ಏನೂ ಇಲ್ಲ" ಎಂದು ಭಾಗ್ಯಲಕ್ಷ್ಮಿ ಬಾಟಲನ್ನು ಅವನ ಕೈಗಿಟ್ಟು, ಪಕ್ಕದ ಕುರ್ಚಿ ಎಳೆದುಕೊಂಡು ಟಿ.ವಿ.ಗೆ ಮುಖ ಮಾಡಿ ಕೂತಳು. ಧಾರಾವಾಹಿಯ ಅತ್ತೆ ನೋಡಲು ಹೇಗಿದ್ದಾಳೆ ಎಂದು ಅವಳಿಗೆ ಆ ದಿನ ಗೊತ್ತಾಯಿತು. ಬ್ಲೌಸಿನ ಕುತ್ತಿಗೆ ಸರಿಯಾಗಿ ಕೂತಿರಲಿಲ್ಲ.

ಜಾಹೀರಾತು ಬರುವವರೆಗೆ ಮುನಿರಾಜಪ್ಪ ಕಾದ. ಆಮೇಲೆ ನಿಟ್ಟುಸಿರು ಬಿಟ್ಟು, ಪಂಚೆ ಮೇಲೆತ್ತಿ, ಅಂಗೈಗೆ ಎಣ್ಣೆ ಹಾಕಿಕೊಂಡು ಬಲ ಮಂಡಿಗೆ ತಿಕ್ಕಿದ. ಕಾಲುಗಂಟೆ ತಿಕ್ಕಲಿಲ್ಲ, ಎರಡು ನಿಮಿಷ ತಿಕ್ಕಿದ. ಬಾಟಲಿನ ಮುಚ್ಚಳ ಹಾಕಿ, ಕೈ ಒರೆಸಿಕೊಳ್ಳಲು ಏನಾದರೂ ಇದೆಯೇ ಎಂದು ಸುತ್ತ ನೋಡಿದ.

ಭಾಗ್ಯಲಕ್ಷ್ಮಿ ಟಿ.ವಿ.ಯಿಂದ ಕಣ್ಣು ತೆಗೆಯದೆ, "ಎಡಗಾಲು?" ಎಂದಳು.

"ಅದಕ್ಕೇನಾಗಿದೆ? ಅದು ನೋಯಲ್ಲ."

"ಮತ್ತೆ ನಾನು ಎರಡು ವರ್ಷ ಹಚ್ಚಿದ್ದು?"

ಮುನಿರಾಜಪ್ಪ ತನ್ನ ಎಡಗಾಲನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

"ನೀನು ಹೆಂಗೂ ತಿಕ್ತಾ ಇದ್ದೆಯಲ್ಲಾ ಅಂತ" ಎಂದ.